ಬಿಲ್ಲೆ ಕಳಚಿದ ಕಾರುಗಳು



ನಿಮ್ಮಲ್ಲಿ ಹಲವರಿಗೆ ಕಾರೆಂದರೆ ಪ್ರಾಣ. ಎಂಜಿನ್ನಿನ ಸದ್ದು ಕೇಳಿಯೇ ಇದು ಇಂಥ ಗಾಡಿ ಎಂದು ಹೇಳಬಲ್ಲವರೂ ನಿಮ್ಮಲ್ಲಿ ಇದ್ದಾರೆ. ಹಾಗಿರುವಾಗ ಒಂದು ಸಂಗತಿ ನಿಮ್ಮ ಕಣ್ಣಿಗೆ ಖಂಡಿತ ಬಿದ್ದಿರಬೇಕು. ಕೆಲವು ಕಾರುಗಳ ಬೆನ್ನ ಮೇಲೆ ಹೆಸರೇ ಇರುವುದಿಲ್ಲ. ಕಂಪನಿಯ ಲಾಂಛನವಿಲ್ಲ, ಮಾದರಿಯ ಹೆಸರಿಲ್ಲ, ‘ವಿಎಕ್ಸ್‌ಐ’, ‘ಝಡ್‌ಎಕ್ಸ್‌ಐ’ ಎಂಬ ಅಕ್ಷರಗಳೂ ಇಲ್ಲ. ಹಣೆಗೆ ಬೊಟ್ಟಿಲ್ಲದ ಮುಖದಂತೆ ಡಿಕ್ಕಿಯ ಬಾಗಿಲು ನುಣ್ಣಗೆ ಕಾಣುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಹೆಸರೇನೋ ಇರುತ್ತದೆ, ಆದರೆ ಅದು ಆ ಕಾರಿನದಲ್ಲ!

ಲಕ್ಷಗಟ್ಟಲೆ ಹಣ ಕೊಟ್ಟು ಹೆಸರುವಾಸಿ ಕಂಪನಿಯ ಕಾರನ್ನು ಕೊಂಡವರು ಆ ಹೆಸರನ್ನೇ ಕಿತ್ತು ಹಾಕುವುದೇಕೆ? ಬಿಡಿಭಾಗದ ಅಂಗಡಿಗಳಲ್ಲಿ ‘ಮೊನೋಗ್ರಾಮ್’ ಎಂದು ಕರೆಯುವ ಈ ಪುಟ್ಟ ಬಿಲ್ಲೆಗೆ ಮುಂಬಯಿಯ ಕುರ್ಲಾ, ದೆಹಲಿಯ ಕಾಶ್ಮೀರಿ ಗೇಟ್, ಚೆನ್ನೈಯ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆಗಳಲ್ಲಿ ಒಂದು ವ್ಯಾಪಾರವೇ ನಡೆಯುತ್ತದೆ. ಒಬ್ಬ ಕಿತ್ತದ್ದನ್ನು ಇನ್ನೊಬ್ಬ ಅಂಟಿಸಿಕೊಳ್ಳುತ್ತಾನೆ. ಇದರ ಹಿಂದಿನ ಮನಸ್ಸನ್ನು ಸ್ವಲ್ಪ ಬಿಡಿಸಿ ನೋಡೋಣ. ಕಾರಿನ ಮಾತು ಕಾರಿನಲ್ಲೇ ನಿಲ್ಲುವುದಿಲ್ಲ, ನಮ್ಮ ನಿಮ್ಮವರೆಗೂ ಬರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಪದ್ಮಿನಿಯಾದರೂ ಫಿಯೆಟ್

ಮುಂಬಯಿಯಲ್ಲಿ ಬೆಳೆದವರಿಗೆ ಕಪ್ಪು ಹಳದಿ ಟ್ಯಾಕ್ಸಿಯ ಪರಿಚಯ ಹೇಳಬೇಕಾಗಿಲ್ಲ. ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಲ್ಲಿ ಇಟಲಿಯ ಫಿಯೆಟ್ ಕಂಪನಿಯ ಪರವಾನಗಿಯಿಂದ ತಯಾರಾದ ಕಾರು ಅದು. 1964ರಲ್ಲಿ ‘ಫಿಯೆಟ್ 1100 ಡಿಲೈಟ್’ ಎಂದು ಬಂತು. 1970ರ ದಶಕದ ಆರಂಭದಲ್ಲಿ ‘ಪ್ರೀಮಿಯರ್ ಪ್ರೆಸಿಡೆಂಟ್’ ಆಯಿತು. 1974ರಲ್ಲಿ ಚಿತ್ತೂರಿನ ರಾಣಿಯ ಹೆಸರು ಹೊತ್ತು ‘ಪ್ರೀಮಿಯರ್ ಪದ್ಮಿನಿ’ ಆಯಿತು. ಕಾರು ಹೆಚ್ಚುಕಡಿಮೆ ಅದೇ, ಬಿಲ್ಲೆ ಮಾತ್ರ ಬೇರೆ. ಆದರೆ ಜನ ಕೇಳಬೇಕಲ್ಲ! 2023ರ ಅಕ್ಟೋಬರ್ ಕೊನೆಯಲ್ಲಿ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಮರೆಯಾಗುವ ತನಕವೂ ಹಳಬರ ಬಾಯಲ್ಲಿ ಅದು ‘ಫಿಯೆಟ್’ ಆಗಿಯೇ ಉಳಿಯಿತು.

ನಮ್ಮ ಮೈಸೂರಿನದೂ ಇಂಥದೇ ಒಂದು ಕತೆ. ಜೆಕೊಸ್ಲೊವಾಕಿಯಾದ ‘ಜಾವಾ’ ಮೋಟಾರ್‌ಸೈಕಲ್ಲುಗಳನ್ನು ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಿಂದ ಮೈಸೂರಿನಲ್ಲಿ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಹೆಸರು ‘ಯೆಜ್ಡಿ’ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಇಂದಿಗೂ ಹಳೆಯ ಯೆಜ್ಡಿಯನ್ನು ಕೊಂಡು, ತಿಕ್ಕಿ ತೊಳೆದು, ಪೆಟ್ರೋಲ್ ಟ್ಯಾಂಕಿಗೆ ‘ಜಾವಾ’ ಬಿಲ್ಲೆ ಹಾಕಿಸಿ ಹೆಮ್ಮೆಪಡುವ ಅಭಿಮಾನಿಗಳಿದ್ದಾರೆ. ಕಂಪನಿ ಕಿತ್ತ ಬಿಲ್ಲೆಯನ್ನು ಅವರು ಮರಳಿ ಅಂಟಿಸುತ್ತಾರೆ. ಅವರ ಪಾಲಿಗೆ ಅದು ಸುಳ್ಳಲ್ಲ, ವಂಶಾವಳಿಯ ನೆನಪು.

ಬಿಲ್ಲೆ ಬದಲಾದ ಮಾತ್ರಕ್ಕೆ ಹೆಸರು ಬದಲಾಗುವುದಿಲ್ಲ ಎಂಬ ಮೊದಲ ಪಾಠ ಇಲ್ಲಿಯೇ ಸಿಗುತ್ತದೆ.

ಮುಚ್ಚಿಡುವವರು

ಬಿಲ್ಲೆ ತೆಗೆಯುವವರಲ್ಲಿ ಮೊದಲನೆಯ ಪಂಗಡ ಸದ್ದಿಲ್ಲದವರದು. ಜರ್ಮನಿಯಲ್ಲಿ ಇದಕ್ಕೆ ದೊಡ್ಡ ಸಂಪ್ರದಾಯವೇ ಇದೆ. ಬಿಎಂಡಬ್ಲ್ಯು, ಮರ್ಸಿಡಿಸ್ ಕಾರುಗಳ ಬೆನ್ನ ಮೇಲಿನ ಅಂಕಿ ನೋಡಿದರೆ ಎಂಜಿನ್ನು ಎಷ್ಟು ದೊಡ್ಡದು, ಮಾಲೀಕ ಎಷ್ಟು ಹಣ ಸುರಿದಿದ್ದಾನೆ ಎಂದು ತಿಳಿದವರಿಗೆ ಕೂಡಲೇ ಅಂದಾಜಾಗುತ್ತದೆ. ಆದುದರಿಂದ ಕಾರನ್ನು ಬೇಡಿಕೆಯ ಮೇರೆಗೆ ತರಿಸಿಕೊಳ್ಳುವಾಗಲೇ ‘ಮಾದರಿಯ ಅಂಕಿ ಬೇಡ’ ಎಂದು ಬರೆಸುವ ಸೌಲಭ್ಯ ಅಲ್ಲಿದೆ. ಕಾರ್ಖಾನೆಯಿಂದ ಹೊರಬರುವಾಗಲೇ ಕಾರಿನ ಬೆನ್ನು ಬರಿದಾಗಿರುತ್ತದೆ.

ಇದರಲ್ಲಿ ತಮಾಷೆಯೂ ಇದೆ. ಅತಿ ದೊಡ್ಡ ಎಂಜಿನ್ನು ಕೊಂಡವನು ನೆರೆಹೊರೆಯವರ ಕಣ್ಣು ಬೀಳದಿರಲೆಂದು ಅಂಕಿ ತೆಗೆಸುತ್ತಾನೆ. ಅತಿ ಚಿಕ್ಕ ಎಂಜಿನ್ನು ಕೊಂಡವನು ಅದು ಚಿಕ್ಕದೆಂದು ಯಾರಿಗೂ ತಿಳಿಯದಿರಲೆಂದು ತೆಗೆಸುತ್ತಾನೆ. ಇಬ್ಬರ ಕಾರೂ ಹಿಂದಿನಿಂದ ಒಂದೇ ಥರ. ಒಬ್ಬನದು ವಿನಯ, ಇನ್ನೊಬ್ಬನದು ಸಂಕೋಚ, ನೋಡುವವರಿಗೆ ಗುರುತು ಸಿಗದು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತೇವೆ, ಆದರೆ ಮುಚ್ಚಳ ಹಾಕಿದ ಮೇಲೆ ತುಂಬಿದ ಕೊಡ ಯಾವುದು, ಖಾಲಿ ಕೊಡ ಯಾವುದು?

ಇಂಗ್ಲೆಂಡಿನಲ್ಲಿ ಸಾಧುವಾಗಿ ಕಾಣುವ, ಆದರೆ ಒಳಗೆ ಭಾರಿ ಎಂಜಿನ್ನು ಅಡಗಿಸಿಕೊಂಡ ಕಾರನ್ನು ‘ಕ್ಯೂ ಕಾರ್’ ಎನ್ನುತ್ತಾರೆ. ಮೊದಲನೆಯ ಮಹಾಯುದ್ಧದಲ್ಲಿ ಸಾಮಾನು ಸಾಗಿಸುವ ಹಡಗಿನಂತೆ ವೇಷ ಹಾಕಿ, ಒಳಗೆ ಫಿರಂಗಿ ಬಚ್ಚಿಟ್ಟು, ಜರ್ಮನಿಯ ಜಲಾಂತರ್ಗಾಮಿಗಳನ್ನು ಹತ್ತಿರಕ್ಕೆ ಸೆಳೆಯುತ್ತಿದ್ದ ‘ಕ್ಯೂ’ ಹಡಗುಗಳಿಂದ ಬಂದ ಹೆಸರು ಅದು. ಅಮೆರಿಕದವರು ಇಂಥ ಕಾರನ್ನು ‘ಸ್ಲೀಪರ್’ ಎನ್ನುತ್ತಾರೆ. ಮಲಗಿದಂತೆ ಕಾಣುವ ಹುಲಿ!

ಇವರ ಜೊತೆಗೆ ಕೇವಲ ಅಂದಕ್ಕಾಗಿ, ಇಲ್ಲವೇ ತೊಳೆಯುವ ಅನುಕೂಲಕ್ಕಾಗಿ ತೆಗೆಯುವವರೂ ಇದ್ದಾರೆ. ಅಕ್ಷರಗಳ ಸಂದಿಯಲ್ಲಿ ಧೂಳು, ಪಾಲಿಶ್ ಕೂತು ಬಿಳಿಯಾಗುವುದನ್ನು ಕಂಡವರಿಗೆ ಅವರ ಕಷ್ಟ ಅರ್ಥವಾದೀತು. ಮತ್ತೆ ಕೆಲವೊಮ್ಮೆ ತೆಗೆದವರು ಮಾಲೀಕರೇ ಆಗಿರುವುದಿಲ್ಲ. 1987ರ ಸುಮಾರಿಗೆ ‘ಬೀಸ್ಟಿ ಬಾಯ್ಸ್’ ಎಂಬ ಅಮೆರಿಕದ ಗಾಯಕರ ತಂಡದವನೊಬ್ಬ ಫೋಕ್ಸ್‌ವ್ಯಾಗನ್ ಲಾಂಛನವನ್ನು ಸರಕ್ಕೆ ಪದಕದಂತೆ ಪೋಣಿಸಿ ಕೊರಳಿಗೆ ಹಾಕಿಕೊಂಡ. ಅಷ್ಟೇ ಸಾಕಾಯಿತು. ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಹುಡುಗರು ರಸ್ತೆಬದಿಯ ಕಾರುಗಳಿಂದ ಆ ಬಿಲ್ಲೆಗಳನ್ನು ಕಿತ್ತುಕೊಂಡು ಓಡತೊಡಗಿದರು.

ಏರಿಸಿಕೊಳ್ಳುವವರು

ಎರಡನೆಯ ಪಂಗಡ ಇದಕ್ಕೆ ವಿರುದ್ಧ. ಇವರಿಗೆ ಇದ್ದ ಬಿಲ್ಲೆ ಸಾಲದು, ಅದಕ್ಕಿಂತ ದೊಡ್ಡದು ಬೇಕು. ಹೋಂಡಾ ಕಂಪನಿ ತನ್ನ ಅತಿ ವೇಗದ ‘ಟೈಪ್ ಆರ್’ ಕಾರುಗಳಿಗೆ ಮಾತ್ರ ಕೆಂಪು ಹಿನ್ನೆಲೆಯ ‘ಎಚ್’ ಲಾಂಛನ ಹಾಕುತ್ತದೆ. 1992ರ ಎನ್‌ಎಸ್‌ಎಕ್ಸ್ ಟೈಪ್ ಆರ್‌ನಿಂದ ಈ ಪದ್ಧತಿ ಬಂತು. ಅದರ ಹಿಂದೆ 1965ರ ಮೆಕ್ಸಿಕೋ ಗ್ರಾನ್ ಪ್ರಿಯಲ್ಲಿ ಹೋಂಡಾಕ್ಕೆ ಫಾರ್ಮುಲಾ ಒನ್‌ನ ಮೊದಲ ಗೆಲುವು ತಂದ ಬಿಳಿ ಮೈ, ಕೆಂಪು ಸೂರ್ಯನ ಕಾರಿನ ನೆನಪಿದೆ. ಆದರೆ ನಮ್ಮ ಊರುಗಳಲ್ಲಿ ಕಚೇರಿಗೆ ಹೋಗಿ ಬರುವ ಸಾಧಾರಣ ಹೋಂಡಾ ಸಿಟಿಯ ಮೂತಿಯಲ್ಲೂ ಕೆಂಪು ‘ಎಚ್’ ಹೊಳೆಯುವುದನ್ನು ನೀವು ಕಂಡಿರಬಹುದು. ಬಿಎಂಡಬ್ಲ್ಯುವಿಗೆ ‘ಎಂ’, ಮರ್ಸಿಡಿಸ್‌ಗೆ ‘ಎಎಂಜಿ’ ಅಂಟಿಸುವವರದೂ ಇದೇ ಚಾಳಿ. ನವಿಲುಗರಿ ಸಿಕ್ಕಿಸಿಕೊಂಡ ಕೆಂಬೂತ ನಮಗೆ ಹೊಸದೇನಲ್ಲ.

ಇದರ ಇನ್ನೊಂದು ರೂಪ ವಿದೇಶದ ಮೋಹ. ಮಾರುತಿ ಕಾರುಗಳು ಬಂದ ಕಾಲದಿಂದಲೂ ‘ಮಾರುತಿ’ ಎಂಬ ಹೆಸರು ತೆಗೆದು ‘ಸುಝುಕಿ’ ಎಂದು ಹಾಕಿಸಿಕೊಳ್ಳುವ ಗೀಳು ತರುಣರಲ್ಲಿತ್ತು. 2007ರಲ್ಲಿ ಮಾರುತಿ ಉದ್ಯೋಗ್ ಕಂಪನಿ ತಾನೇ ‘ಮಾರುತಿ ಸುಝುಕಿ’ ಎಂದು ಹೆಸರು ಬದಲಿಸಿಕೊಂಡಿತು. ಈ ಮೋಹ ನಮ್ಮೊಬ್ಬರದೇ ಎಂದುಕೊಳ್ಳಬೇಡಿ. ಆಸ್ಟ್ರೇಲಿಯದಲ್ಲಿ ಸ್ವಂತ ನೆಲದ ‘ಹೋಲ್ಡನ್’ ಕಾರು ಕೊಂಡವರು ಅದರ ಸಿಂಹದ ಲಾಂಛನ ಕಿತ್ತು ಅಮೆರಿಕದ ‘ಷೆವರ್ಲೆ’ ಬಿಲ್ಲೆ ಹಾಕಿಸುತ್ತಿದ್ದರು. ಇಂಗ್ಲೆಂಡಿನ ‘ವಾಕ್ಸ್‌ಹಾಲ್’ ಕಾರುಗಳಿಗೆ ಯೂರೋಪಿನ ‘ಓಪೆಲ್’ ಬಿಲ್ಲೆ ಹಚ್ಚುವವರೂ ಇದ್ದಾರೆ. 2020ರಲ್ಲಿ ಹೋಲ್ಡನ್ ಹೆಸರನ್ನೇ ಕಂಪನಿ ಕೈಬಿಟ್ಟಿತು. ಸಿಂಹವನ್ನು ಕಿತ್ತು ಎಸೆದ ಅದೇ ದೇಶದಲ್ಲಿ ಈಗ ಹಳೆಯ ಹೋಲ್ಡನ್ ಕಾರುಗಳನ್ನು ಸಂಗ್ರಹಕಾರರು ಹುಡುಕಿ ಕೊಳ್ಳುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ತನ್ನ ಕಾರಿಗೆ ತಾನು ಮೆಚ್ಚಿದ ಬಿಲ್ಲೆ ಹಾಕುವುದು ಹುಚ್ಚಾಟವಾದರೆ, ಕಡಿಮೆ ದರ್ಜೆಯ ಕಾರಿಗೆ ಮೇಲ್ದರ್ಜೆಯ ಬಿಲ್ಲೆ ಹಾಕಿ ಮಾರುವುದು ಮೋಸ. ಹಳೆಯ ಕಾರು ಕೊಳ್ಳಲು ಹೋದಾಗ ಡಿಕ್ಕಿಯ ಮೇಲಿನ ಅಕ್ಷರ ನಂಬಬೇಡಿ. ನೋಂದಣಿ ಪುಸ್ತಕ ಇಲ್ಲವೇ ಕಾರ್ಡಿನಲ್ಲಿರುವ ಮಾದರಿ, ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲೆ ಕೊರೆದ ಸಂಖ್ಯೆಯೊಡನೆ ಹೋಲಿಸಿ ನೋಡಿ. ಅಂಟಿಸಿದ್ದು ಸುಳ್ಳು ಹೇಳಬಹುದು, ಕೊರೆದದ್ದು ಸುಲಭವಾಗಿ ಹೇಳದು.

ಒಂದೇ ಕಾರು, ಎರಡು ಹೆಸರು

ಮಾಲೀಕರನ್ನೇ ದೂರಿ ಫಲವಿಲ್ಲ. ಕಂಪನಿಗಳು ಮಾಡುವುದೂ ಇದನ್ನೇ. ಒಂದೇ ಕಾರಿಗೆ ಬೇರೆ ಬೇರೆ ಬಿಲ್ಲೆ ಹಾಕಿ ಮಾರುವುದು ಮೋಟಾರು ಉದ್ಯಮದ ಹಳೆಯ ವಿದ್ಯೆ. ಹೊಸ ಕಾರನ್ನು ರೂಪಿಸಲು ಅಪಾರ ಹಣ ಬೇಕು, ಬಿಲ್ಲೆ ಬದಲಿಸಲು ಅಷ್ಟು ಬೇಡ. ನಮ್ಮ ಅಂಬಾಸಡರ್ ಮೂಲದಲ್ಲಿ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್. 2007ರಲ್ಲಿ ‘ಮಹೀಂದ್ರ ರೆನೊ ಲೋಗನ್’ ಎಂದು ಬಂದ ಕಾರು 2011ರಲ್ಲಿ ‘ಮಹೀಂದ್ರ ವೆರಿಟೊ’ ಆಯಿತು. ರೆನೊ ಡಸ್ಟರ್ 2013ರಲ್ಲಿ ಸ್ವಲ್ಪ ಮುಖ ತಿದ್ದಿಕೊಂಡು ‘ನಿಸಾನ್ ಟೆರಾನೊ’ ಎಂದು ಬಂತು. ಅದೇ ಡಸ್ಟರ್ ಯೂರೋಪಿನ ಬಹುಪಾಲು ದೇಶಗಳಲ್ಲಿ ‘ಡಾಚಿಯಾ’.

2019ರಿಂದ ಈಚೆಗಂತೂ ಸುಝುಕಿ ಮತ್ತು ಟೊಯೋಟಾ ಕಂಪನಿಗಳು ನಮ್ಮ ದೇಶದಲ್ಲಿ ಬಿಲ್ಲೆಗಳ ಕೊಡುಕೊಳ್ಳುವ ಸಂಬಂಧವನ್ನೇ ಬೆಳೆಸಿವೆ. ಮಾರುತಿಯ ಬಲೆನೊ ಟೊಯೋಟಾದ ಮನೆಗೆ ಹೋಗಿ ‘ಗ್ಲಾಂಝಾ’ ಆಯಿತು. ಟೊಯೋಟಾದ ಇನ್ನೋವಾ ಹೈಕ್ರಾಸ್ 2023ರಲ್ಲಿ ಮಾರುತಿಯ ಮನೆಗೆ ಬಂದು ‘ಇನ್ವಿಕ್ಟೊ’ ಆಯಿತು. ಈ ಇನ್ವಿಕ್ಟೊ ಹುಟ್ಟುವುದು ಬೆಂಗಳೂರಿನ ಪಕ್ಕದ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ. ಕನ್ನಡ ನೆಲದಲ್ಲಿ ಟೊಯೋಟಾದವರು ತಯಾರಿಸಿ ಸುಝುಕಿಯ ಹೆಸರಿನಲ್ಲಿ ಮಾರುವ ಕಾರು. ಅದರ ನಿಜವಾದ ಊರು ಯಾವುದು ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಈ ಪ್ರಶ್ನೆ ನಿಮಗೂ ಅಪರಿಚಿತವಲ್ಲ, ಅಲ್ಲವೇ?

ಮುಜುಗರದ ಬಿಲ್ಲೆ

ಮೂರನೆಯ ಪಂಗಡ ಇತ್ತೀಚಿನದು. ಕಾರು ಕೆಟ್ಟಿಲ್ಲ, ಹೆಸರು ಮಾತ್ರ ಬೇಡವಾಗಿದೆ. 2025ರ ಮೊದಲ ತಿಂಗಳುಗಳಲ್ಲಿ ಅಮೆರಿಕದಲ್ಲಿ ಟೆಸ್ಲಾ ಕಂಪನಿಯ ಮುಖ್ಯಸ್ಥ ಎಲಾನ್ ಮಸ್ಕ್ ಸರಕಾರದೊಳಗೆ ವಹಿಸಿದ ಪಾತ್ರದಿಂದ ರೊಚ್ಚಿಗೆದ್ದ ಜನ ಕಂಪನಿಯ ಮಳಿಗೆಗಳ ಮುಂದೆ ಪ್ರತಿಭಟಿಸಿದರು. ರಸ್ತೆಬದಿಯಲ್ಲಿ ನಿಂತ ಟೆಸ್ಲಾಗಳ ಮೇಲೆ ಗೀಚಿದ, ಹಾನಿ ಮಾಡಿದ ಘಟನೆಗಳೂ ನಡೆದವು. ಪರಿಸರಕ್ಕೆ ಒಳ್ಳೆಯದೆಂದು ಹಿಂದೆಯೇ ಆ ಕಾರು ಕೊಂಡಿದ್ದವರು ಇಕ್ಕಟ್ಟಿಗೆ ಸಿಕ್ಕಿದರು. ಕೆಲವರು ‘ಆತ ಹೀಗೆಂದು ತಿಳಿಯುವ ಮೊದಲು ಕೊಂಡದ್ದು’ ಎಂಬ ಅರ್ಥದ ಚೀಟಿ ಅಂಟಿಸಿದರು. ಇನ್ನು ಕೆಲವರು ‘ಟಿ’ ಲಾಂಛನ ತೆಗೆದು ಹೋಂಡಾ, ಆಡಿ ಮುಂತಾದ ಕಂಪನಿಗಳ ಬಿಲ್ಲೆ ಹಾಕಿದರು. ನೋಡಿದವರಾರೂ ಅದನ್ನು ಹೋಂಡಾ ಎಂದು ನಂಬುವುದಿಲ್ಲ. ಆದರೆ ‘ನಾನು ಅವನ ಕಡೆಯವನಲ್ಲ’ ಎಂಬ ಮಾತು ತಲುಪುತ್ತದೆ.

ಇದರಲ್ಲಿ ಸ್ವಲ್ಪ ಪ್ರತಿಭಟನೆ, ಸ್ವಲ್ಪ ಹೆದರಿಕೆ ಎರಡೂ ಬೆರೆತಿವೆ. ಆ ಹೆದರಿಕೆಯ ಮಾತಿಗೆ ಆಮೇಲೆ ಬರುತ್ತೇನೆ.

ತೆಗೆಯುವ ಮುನ್ನ

ಇಷ್ಟು ಓದಿ ನಿಮಗೂ ಕೈ ತುರಿಸುತ್ತಿದ್ದರೆ ಕೆಲವು ಮಾತು ತಿಳಿದಿರಲಿ. ಹಳೆಯ ಕಾರುಗಳಲ್ಲಿ ಬಿಲ್ಲೆಯ ಹಿಂದೆ ಮೊಳೆಗಳಿದ್ದು ತಗಡಿನಲ್ಲಿ ತೂತು ಇರುತ್ತದೆ. ಕಿತ್ತರೆ ತೂತು ಉಳಿದು, ನೀರು ಇಳಿದು ತುಕ್ಕು ಹಿಡಿಯುತ್ತದೆ. ಹೊಸ ಕಾರುಗಳಲ್ಲಿ ಬಹುಮಟ್ಟಿಗೆ ಎರಡೂ ಕಡೆ ಅಂಟಿರುವ ಟೇಪು. ಕೂದಲು ಒಣಗಿಸುವ ಡ್ರೈಯರಿನಿಂದ ಹದವಾಗಿ ಬಿಸಿ ಮಾಡಿ, ಮೀನಿನ ಗಾಳಕ್ಕೆ ಬಳಸುವ ನೈಲಾನ್ ದಾರವನ್ನು ಬಿಲ್ಲೆಯ ಹಿಂದೆ ತೂರಿಸಿ ಗರಗಸದಂತೆ ಎಳೆದರೆ ಬಿಡಿಸಿಕೊಳ್ಳುತ್ತದೆ. ಸ್ಕ್ರೂ ಡ್ರೈವರ್, ಚಾಕು ಹಾಕಿ ಎಬ್ಬಬೇಡಿ. ಉಳಿದ ಗೋಂದಿಗೆ ಥಿನ್ನರ್ ಹಚ್ಚಬೇಡಿ, ಗೋಂದಿನೊಡನೆ ಬಣ್ಣವೂ ಹೋದೀತು.

ಇಂದಿನ ಕೆಲವು ಕಾರುಗಳಲ್ಲಿ ಮುಂಭಾಗದ ಲಾಂಛನದ ಹಿಂದೆಯೇ ರೇಡಾರ್ ಕೂತಿರುತ್ತದೆ. ಮುಂದಿನ ವಾಹನದ ದೂರ ಅಳೆದು ತಾನೇ ಬ್ರೇಕು ಹಾಕುವ ವ್ಯವಸ್ಥೆ ಅದರಿಂದ ನಡೆಯುತ್ತದೆ. ಆ ಬಿಲ್ಲೆಯನ್ನು ಬದಲಿಸಿದರೆ ಕಾರಿಗೆ ಕಣ್ಣು ಮಂಜಾದಂತೆ. ಹಾಗಾಗಿ ಮುಂದಿನದನ್ನು ಮುಟ್ಟುವ ಮೊದಲು ತಿಳಿದವರನ್ನು ಕೇಳಿ.

ಕಾನೂನಿನ ಮಾತು ಹೀಗೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಕೊಟ್ಟ, ನೋಂದಣಿಯಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿ ಹಿಡಿದಿದೆ. ಎಂಜಿನ್ನು, ಚಾಸಿಸ್, ದೇಹದ ರಚನೆ, ಇವು ಆ ವಿವರಗಳಲ್ಲಿ ಬರುತ್ತವೆ. ಅಲಂಕಾರದ ಬಿಲ್ಲೆ ತೆಗೆದರೆ ಇವಾವುವೂ ಬದಲಾಗುವುದಿಲ್ಲ. ಆದರೆ ನಂಬರ್ ಪ್ಲೇಟನ್ನು ಮಾತ್ರ ಮುಟ್ಟುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ವರ್ಷಗಟ್ಟಲೆ ಬಿಸಿಲು ತಿಂದ ಕಾರಿನಿಂದ ಬಿಲ್ಲೆ ತೆಗೆದಾಗ ಅದರ ಅಡಿಯ ಬಣ್ಣ ಹೊಚ್ಚಹೊಸದಾಗಿರುತ್ತದೆ, ಸುತ್ತಲಿನದು ಮಾಸಿರುತ್ತದೆ. ಅಕ್ಷರ ಹೋದರೂ ಅಕ್ಷರದ ಆಕಾರ ಅಲ್ಲೇ ನಿಲ್ಲುತ್ತದೆ. ಎಷ್ಟು ಪಾಲಿಶ್ ಹಾಕಿದರೂ ಓರೆ ಬಿಸಿಲಿನಲ್ಲಿ ಹೆಸರು ಮತ್ತೆ ಕಾಣಿಸಿಕೊಳ್ಳುತ್ತದೆ.

ಪ್ರಾಣಭಯದ ಬಿಲ್ಲೆ

ಕಿತ್ತು ಹಾಕಲಾಗದ ಒಂದು ಬಿಲ್ಲೆ ಪ್ರತಿ ವಾಹನಕ್ಕೂ ಇದೆ. ಅದು ನಂಬರ್ ಪ್ಲೇಟಿನ ಮೊದಲ ಎರಡು ಅಕ್ಷರ. ‘ಕೆಎ’, ‘ಎಂಎಚ್’, ‘ಟಿಎನ್’, ‘ಡಿಎಲ್’. ಮಾಮೂಲು ದಿನಗಳಲ್ಲಿ ಇವು ಬರೀ ಅಕ್ಷರ. ಕೆಲವು ದಿನಗಳಲ್ಲಿ ಇವೇ ತೀರ್ಪು.

2016ರ ಸೆಪ್ಟೆಂಬರ್ 12ರಂದು ಕಾವೇರಿ ನೀರಿನ ವಿವಾದದಿಂದ ಬೆಂಗಳೂರು ಹೊತ್ತಿಕೊಂಡಿತು. ತಮಿಳುನಾಡಿನ ನೋಂದಣಿಯ ಲಾರಿ, ಬಸ್ಸುಗಳಿಗೆ ಬೆಂಕಿ ಬಿತ್ತು. ಅತ್ತ ರಾಮೇಶ್ವರದಲ್ಲಿ ಕರ್ನಾಟಕದ ಪ್ರವಾಸಿಗರ ವಾಹನಗಳ ಮೇಲೆ ಹಲ್ಲೆ ನಡೆಯಿತು. ಆ ದಿನ ‘ಟಿಎನ್’ ಗಾಡಿಗೆ ಹಳದಿ ಕೆಂಪು ಬಾವುಟ ಕಟ್ಟಿಕೊಂಡವರು, ಫಲಕಕ್ಕೆ ಕಾಗದ ಅಂಟಿಸಿದವರು ಇದ್ದರು. ಅವರದು ಫ್ಯಾಶನ್ ಅಲ್ಲ, ಜೀವದ ಮಾತು. 2022ರ ಡಿಸೆಂಬರಿನಲ್ಲಿ ಗಡಿ ವಿವಾದ ಕೆದರಿದಾಗ ಬೆಳಗಾವಿಯ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಕಪ್ಪು ಬಳಿಯಲಾಯಿತು. ಕಲ್ಲು ಎಸೆದವರಿಗೆ ಒಳಗೆ ಕುಳಿತವರು ಯಾರೆಂದು ಗೊತ್ತಿರಲಿಲ್ಲ. ಬೆಳಗಾವಿಯಲ್ಲಿ ಪೆಟ್ಟು ತಿಂದ ‘ಎಂಎಚ್’ ಲಾರಿಯ ಚಾಲಕ ಕನ್ನಡದವನೇ ಆಗಿರಬಹುದಿತ್ತು. ಬಿಲ್ಲೆಯನ್ನಷ್ಟೇ ಓದಿ ಮನುಷ್ಯನನ್ನು ಅಳೆದರೆ ಆಗುವ ಅನಾಹುತ ಇದು.

ಹೊರನಾಡಿನಲ್ಲಿರುವ ನಮಗೆ ಈ ಎರಡಕ್ಷರದ ತೊಡಕು ದಿನನಿತ್ಯದ್ದು. ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಅಲ್ಲಿಯ ನೋಂದಣಿ ಪಡೆಯಬೇಕು. ಮೇಲಿಂದ ಮೇಲೆ ವರ್ಗವಾಗುವವರಿಗಾಗಿ 2021ರಲ್ಲಿ ಕೇಂದ್ರ ಸರಕಾರ ‘ಬಿಎಚ್’ ಶ್ರೇಣಿ ತಂದಿತು. ಸರಕಾರಿ ನೌಕರರಿಗೂ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರಿಗೂ ಇದು ಲಭ್ಯ. ಊರಿನ ಗುರುತೇ ಇಲ್ಲದ ನಂಬರು. ಅನುಕೂಲವೇನೋ ಹೌದು. ಆದರೆ ಹೆದ್ದಾರಿಯಲ್ಲಿ ‘ಕೆಎ’ ಕಂಡ ಕೂಡಲೇ ಅರಳುವ ನಮ್ಮ ಮುಖ ‘ಬಿಎಚ್’ ಕಂಡಾಗ ಅರಳುವುದಿಲ್ಲ.

ನಮ್ಮ ಬೆನ್ನ ಮೇಲಿನ ಬಿಲ್ಲೆ

ಈಗ ನಿಮ್ಮ ಮಾತಿಗೆ ಬರೋಣ. ನೀವು ಹುಟ್ಟಿ ಬೆಳೆದದ್ದು ಹೊರನಾಡಿನಲ್ಲಿ. ಮರಾಠಿ, ತಮಿಳು, ತೆಲುಗು, ಹಿಂದಿ ನಿಮಗೆ ನೀರು ಕುಡಿದಷ್ಟು ಸಲೀಸು. ಕನ್ನಡ ಮನೆಯ ಹೊಸ್ತಿಲೊಳಗಿನ ಭಾಷೆ. ನಿಮ್ಮ ತಂದೆತಾಯಿ ಹೊತ್ತು ತಂದ ಬಿಲ್ಲೆಗಳು ನಿಮ್ಮ ಹೆಸರಿನಲ್ಲಿವೆ. ಹಳೆಯ ಮೈಸೂರಿನ ಕಡೆಯವರಾದರೆ ಹೆಸರಿನ ಮುಂದೆ ಊರು, ತಂದೆಯ ಹೆಸರುಗಳ ಮೊದಲಕ್ಷರ. ಶಾಲೆಯ ಅರ್ಜಿಯಲ್ಲಿ ‘ಸರ್‌ನೇಮ್’ ಎಂದು ಕೇಳಿದಾಗ ಏನು ಬರೆಯುವುದೆಂದು ಮನೆಯಲ್ಲಿ ಚರ್ಚೆ ನಡೆದಿರುತ್ತದೆ. ಉತ್ತರ ಕರ್ನಾಟಕದವರಾದರೆ ಅಡ್ಡಹೆಸರು ಅಕ್ಕಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ. ತರಗತಿಯಲ್ಲಿ ಹಾಜರಿ ಕೂಗುವಾಗ ಯಾರಾದರೂ ನಕ್ಕಿರುತ್ತಾರೆ. ಕರಾವಳಿಯವರಾದರೆ ‘ನಿಮ್ಮದು ಹೋಟೆಲೇ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ.

ಆಗ ಬಿಲ್ಲೆ ಕಳಚುವ ಆಸೆ ಸಹಜ. ಹೆಸರನ್ನು ಮೊಟಕು ಮಾಡಿಕೊಂಡವರು, ಗೆಳೆಯರ ಎದುರು ಅಮ್ಮನ ಫೋನಿಗೆ ಹಿಂದಿಯಲ್ಲಿ ಉತ್ತರಿಸುವವರು, ಊರು ಕೇಳಿದರೆ ಪಟ್ಟಣದ ಹೆಸರು ಮಾತ್ರ ಹೇಳುವವರು ನಮ್ಮ ನಡುವೆ ಇದ್ದಾರೆ. ಅವರನ್ನು ಹೀಯಾಳಿಸಲು ಈ ಲೇಖನ ಬರೆದಿಲ್ಲ. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆದು ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದಾಗ ನಮ್ಮ ಹಿರಿಯರಿಗೂ ಗುರುತು ಮರೆಸಿಕೊಳ್ಳುವ ಪ್ರಸಂಗ ಬಂದಿತ್ತು. ಭಯದಿಂದ ಮುಚ್ಚಿಟ್ಟದ್ದು ಅಪರಾಧವಲ್ಲ. ಅದೇ ರೀತಿ, ಬಿಲ್ಲೆಯಿಲ್ಲದೆಯೂ ಚೆನ್ನಾಗಿ ಓಡುವ ಕಾರಿನಂತೆ, ಕನ್ನಡಿಗನೆಂದು ಡಂಗುರ ಹೊಡೆಯದೆ ಸುಮ್ಮನೆ ಕನ್ನಡ ಓದುವ, ಹಾಡುವ ತರುಣರೂ ಇದ್ದಾರೆ. ಇನ್ನೊಂದು ಕಡೆ ನವೆಂಬರ್ ಒಂದರಂದು ಮಾತ್ರ ಹಳದಿ ಕೆಂಪು ಚೀಟಿ ಅಂಟಿಸಿ, ಮರುದಿನ ಒಂದು ವಾಕ್ಯ ಕನ್ನಡ ಆಡದವರೂ ಇದ್ದಾರೆ. ಸಾಧಾರಣ ಕಾರಿನ ಮೇಲಿನ ಕೆಂಪು ‘ಎಚ್’ ಎಂದರೆ ಇದೇ.

ಮುಂಬಯಿಯ ಮೈಸೂರು ಅಸೋಸಿಯೇಶನ್ ಹುಟ್ಟಿದ್ದು 1926ರಲ್ಲಿ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಸಂಸ್ಥೆ ಹಳೆಯ ಹೆಸರನ್ನು ಉಳಿಸಿಕೊಂಡಿತು, ಕರ್ನಾಟಕದ ಎಲ್ಲ ಮೂಲೆಯವರಿಗೂ ಬಾಗಿಲು ತೆರೆಯಿತು. ಬಿಲ್ಲೆ ಹಳೆಯದು, ಓಟ ಹೊಸದು. ಇದೂ ಒಂದು ದಾರಿ.

ಹಾಗಾದರೆ ಬಿಲ್ಲೆ ಇರಬೇಕೇ, ಬೇಡವೇ? ನಿಮ್ಮ ಹೆಸರು ನಿಮ್ಮದು, ನಿರ್ಧಾರವೂ ನಿಮ್ಮದೇ. ಕಳಚುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ತೆಗೆಯುತ್ತಿರುವುದು ನನಗೆ ಬೇಡವೆಂದೇ, ಅಥವಾ ಯಾರೋ ನಕ್ಕರೆಂದೇ? ನಿಮಗೇ ಬೇಡವಾಗಿದ್ದರೆ ಯಾರ ಅಪ್ಪಣೆಯೂ ಬೇಕಿಲ್ಲ. ಯಾರೋ ನಕ್ಕರೆಂದಾದರೆ ಸ್ವಲ್ಪ ತಾಳಿ. ನಕ್ಕವರು ನಾಳೆ ಇನ್ನೊಂದಕ್ಕೆ ನಗುತ್ತಾರೆ. ಅವರಿಗಾಗಿ ಎಷ್ಟೆಂದು ಕಿತ್ತುಕೊಳ್ಳುತ್ತೀರಿ?

ಹಾಗೆಯೇ, ಇನ್ನೊಬ್ಬರ ಬೆನ್ನ ಮೇಲಿನ ಬಿಲ್ಲೆ ಕಂಡಾಗ ಕಲ್ಲು ಎತ್ತುವವರ ಜೊತೆ ಎಂದೂ ಸೇರಬೇಡಿ. ಎರಡಕ್ಷರದಿಂದ ಪರಕೀಯರಾಗುವ ನೋವನ್ನು ಹೊರನಾಡಿನವರಾದ ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಈ ಭಾನುವಾರ ಬಿಡುವಾದಾಗ ಮನೆಯ ಹಿರಿಯರ ಪಕ್ಕ ಕುಳಿತು ನಿಮ್ಮ ಹೆಸರಿನ ಮುಂದಿರುವ ಅಕ್ಷರಗಳು ಯಾವ ಊರಿನವು, ನಿಮ್ಮ ಅಡ್ಡಹೆಸರು ಎಲ್ಲಿಂದ ಬಂತು ಎಂದು ಕನ್ನಡದಲ್ಲಿಯೇ ಕೇಳಿ. ಉತ್ತರ ಒಂದು ಗಂಟೆಯಾದರೂ ಮುಗಿಯಲಿಕ್ಕಿಲ್ಲ. ಇಟ್ಟುಕೊಳ್ಳುವುದೋ ಕಳಚುವುದೋ, ಅದನ್ನು ಆಮೇಲೆ ಯೋಚಿಸಿದರಾಯಿತು.